ಮೊದಲ ಕಾರ್ಬೈನಿಗೆ ಯಾವ ಆಪ್ಟಿಕ್? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಹೊಸದಾಗಿ 9 ಎಂಎಂ ಕಾರ್ಬೈನ್ ತೆಗೆದುಕೊಂಡಿದ್ದೇನೆ, ಅದರ ಮೇಲೆ ಯಾವ ಆಪ್ಟಿಕ್ ಕೂರಿಸಲಿ?" ಗುರಿ ಅಭ್ಯಾಸದ ಜಾಗದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕಾರ್ಬೈನ್ ಎಂದರೆ ಭುಜಕ್ಕೆ ಆನಿಸಿ ಹಾರಿಸುವ ಹಗುರ ಬಂದೂಕು, ಆಪ್ಟಿಕ್ ಎಂದರೆ ಗುರಿ ಹಿಡಿಯಲು ಅದರ ಮೇಲೆ ಕೂರಿಸುವ ಗಾಜಿನ ಸಾಧನ. ಕೇಳುವವರು ಸಾಮಾನ್ಯವಾಗಿ ಒಂದು ಕಂಪನಿಯ ಹೆಸರನ್ನೂ ಒಂದು ಮಾದರಿ ಸಂಖ್ಯೆಯನ್ನೂ ನಿರೀಕ್ಷಿಸುತ್ತಾರೆ. ನಾನು ಹೆಸರು ಹೇಳುವ ಬದಲು ಅವರ ಕಾರ್ಬೈನಿನ ಬೋಲ್ಟ್ (ತೋಟಾದ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು) ಯಾವ ಬಗೆಯದು, ಅವರಿಗೆ ಕನ್ನಡಕ ಇದೆಯೇ ಎಂದು ಮರುಪ್ರಶ್ನೆ ಹಾಕುವುದರಿಂದ ಹಲವರಿಗೆ ನಿರಾಸೆಯಾಗುತ್ತದೆ. ಪಿಸ್ತೂಲಿನ ತೋಟಾ ಹಾರಿಸುವ ಕಾರ್ಬೈನಿಗೆ ಆಪ್ಟಿಕ್ ಆರಿಸುವಾಗ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಬಹುಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಆ ಬಂದೂಕಿನ ಏಟನ್ನು ಅದು ತಾಳಿಕೊಳ್ಳುತ್ತದೆಯೇ, ಗುರಿ ತೋರುವ ಬೆಳಕಿನ ಚುಕ್ಕೆ ನಿಮ್ಮ ಕಣ್ಣಿಗೆ ಚುಕ್ಕೆಯಾಗಿಯೇ ಕಾಣುತ್ತದೆಯೇ ಎಂಬುದೇ ಮುಖ್ಯ. ಇದು ನನ್ನ ಉತ್ತರದ ತಿರುಳು, ಉಳಿದದ್ದು ವಿವರಣೆ.

ಪಿಸ್ತೂಲಿಗೂ ಉದ್ದ ನಳಿಕೆಯ ಬಂದೂಕಿಗೂ ಒಂದೇ ತೋಟಾ ಬಳಸುವ ಉಪಾಯ ಹೊಸದೇನಲ್ಲ. 1873ರ ವಿಂಚೆಸ್ಟರ್ ಬಂದೂಕಿನ .44-40 ತೋಟಾವನ್ನೇ ಹಾಕಿಕೊಳ್ಳುವ ರಿವಾಲ್ವರನ್ನು ಕೋಲ್ಟ್ ಕಂಪನಿ ಆ ದಶಕ ಮುಗಿಯುವುದರೊಳಗೆ ಮಾರುತ್ತಿತ್ತು. ಇಂದಿನ ಕಾರ್ಬೈನ್‌ಗಳಲ್ಲಿ ಬಹುಪಾಲು ಬಳಕೆಯಾಗುವುದು 1902ರಲ್ಲಿ ರೂಪುಗೊಂಡ 9×19 ಎಂಎಂ ತೋಟಾ. ಹದಿನಾರು ಇಂಚಿನ ನಳಿಕೆಯಿಂದ ಇದರ 115 ಗ್ರೇನ್ (ಸುಮಾರು ಏಳೂವರೆ ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅಷ್ಟೇ ಉದ್ದದ ನಳಿಕೆಯಿಂದ 5.56 ಎಂಎಂ ರೈಫಲ್ ಗುಂಡು ಹೊರಡುವ ವೇಗ ಇದರ ಎರಡು ಪಟ್ಟಿಗೂ ಹೆಚ್ಚು. ಮೇಲಾಗಿ ಪಿಸ್ತೂಲಿನ ಗುಂಡು ಗಿಡ್ಡ, ಮೊಂಡು ಮೂತಿಯದು, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುವಂಥದ್ದು. 50 ಮೀಟರಿಗೆ ಗುರಿ ಹೊಂದಿಸಿಟ್ಟರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಗುರಿಗೇ ತಾಗುವಂತೆ ಮಾಡಿಟ್ಟರೆ, 100 ಮೀಟರಿನಲ್ಲಿ ಅದು ಗುರಿಗಿಂತ ಸುಮಾರು 15 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, 150 ಮೀಟರಿನಲ್ಲಿ ಈ ಇಳಿತ ಅರ್ಧ ಮೀಟರನ್ನೂ ದಾಟುತ್ತದೆ. ತೋಟಾದ ಬಗೆಯನ್ನು ನೋಡಿಕೊಂಡು ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಆದರೆ ಚಿತ್ರ ಬದಲಾಗುವುದಿಲ್ಲ.

ಹೀಗಿರುವಾಗ ಒಂದರಿಂದ ಆರು ಪಟ್ಟು ಹಿಗ್ಗಿಸುವ ಸ್ಕೋಪನ್ನು ಮೊದಲ ಕಾರ್ಬೈನಿನ ಮೇಲೆ ಕೂರಿಸುವುದರಲ್ಲಿ ನನಗೆ ಹೆಚ್ಚಿನ ಅರ್ಥ ಕಾಣುವುದಿಲ್ಲ. ಅಂಥ ಸ್ಕೋಪು ತನ್ನನ್ನು ಬಂದೂಕಿಗೆ ಬಿಗಿಯುವ ಮೌಂಟಿನೊಂದಿಗೆ ಸೇರಿ ಅರ್ಧ ಕಿಲೋವನ್ನು ಸುಲಭವಾಗಿ ಮೀರುತ್ತದೆ, ಕಣ್ಣನ್ನು ಅದರ ಹಿಂದೆ ನಿಗದಿತ ಅಂತರದಲ್ಲಿ, ನಿಗದಿತ ನೇರದಲ್ಲಿ ಇಡಬೇಕಾಗುತ್ತದೆ, ಮತ್ತು ಕಾರ್ಬೈನಿನ ನಿಜವಾದ ಸೊಗಸಾದ ಹಗುರತನವನ್ನೂ ಚುರುಕನ್ನೂ ಅದೇ ತಿಂದುಹಾಕುತ್ತದೆ. ಕಾಗದದ ಮೇಲೆ ಗುಂಡಿನ ರಂಧ್ರಗಳ ಬಿಗಿಯಾದ ಗುಂಪು ಮೂಡಿಸುವುದೇ ನಿಮ್ಮ ಸಂತೋಷವಾದರೆ, ಅಥವಾ ನೂರು ಮೀಟರಿನಾಚೆಯ ಸಣ್ಣ ಉಕ್ಕಿನ ಫಲಕಗಳೇ ನಿಮ್ಮ ಗುರಿಯಾದರೆ ಮಾತು ಬೇರೆ. ಉಳಿದವರಿಗೆ, ಗುರಿಯನ್ನು ಹಿಗ್ಗಿಸದೆ ಅದರ ಮೇಲೆ ಬೆಳಕಿನ ಚುಕ್ಕೆಯನ್ನಷ್ಟೇ ತೋರಿಸುವ ರೆಡ್ ಡಾಟ್ ಎಂಬ ಆಪ್ಟಿಕ್ ಸಾಕು. ಗುರಿ ಹೊಡೆಯುವ ಸ್ಪರ್ಧೆಗಳನ್ನು ನಡೆಸುವ ಅಮೆರಿಕದ ಯುಎಸ್‌ಪಿಎಸ್‌ಎ ಸಂಸ್ಥೆ 2016ರಲ್ಲಿ ಈ ಕಾರ್ಬೈನ್‌ಗಳಿಗೆಂದೇ ಪ್ರತ್ಯೇಕ ಸ್ಪರ್ಧಾ ವಿಭಾಗ ತೆರೆದಾಗಿನಿಂದ ಅಲ್ಲಿ ಸಾಮಾನ್ಯವಾಗಿ ಕಾಣಸಿಗುವುದೂ ರೆಡ್ ಡಾಟೇ. ಎಲ್ಲ ದೂರಗಳೂ ಪಿಸ್ತೂಲಿಗೆ ಒಗ್ಗುವಷ್ಟೇ ಇರುವ ಆ ಆಟದಲ್ಲಿ ಚುಕ್ಕೆಯನ್ನು ಬೇಗ ಕಂಡವನೇ ಮುಂದೆ ಹೋಗುತ್ತಾನೆ.

ರೆಡ್ ಡಾಟಿನ ಒಳಗೆ ನಡೆಯುವುದು ಸರಳ ಸಂಗತಿ. ಕೊಳವೆಯ ಒಂದು ಬದಿಯಲ್ಲಿ ಪುಟ್ಟ ಎಲ್‌ಇಡಿ ಇರುತ್ತದೆ. ಅದರ ಬೆಳಕು ಮುಂದಿನ ಗಾಜಿನ ಒಳಮೈಗೆ ಬಡಿದು, ಸಮಾಂತರ ಕಿರಣಗಳಾಗಿ ಕಣ್ಣಿಗೆ ಮರಳುತ್ತದೆ. ಆದ್ದರಿಂದ ಚುಕ್ಕೆ ಗಾಜಿನ ಮೇಲೆ ಇರುವಂತೆ ಕಾಣದೆ ದೂರದ ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ, ತಲೆ ತುಸು ಅತ್ತಿತ್ತ ಸರಿದರೂ ಅದು ಹೆಚ್ಚುಕಡಿಮೆ ಗುರಿಯನ್ನು ಬಿಡುವುದಿಲ್ಲ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಿಂದ ಇದನ್ನೇ ತಿದ್ದಿ ತೀಡುತ್ತಾ ಬಂದಿದೆ. ಅದರ ಚಿಕ್ಕ ಮಾದರಿಗಳು ಒಂದು ಸಿಆರ್ 2032 ಬ್ಯಾಟರಿಯಲ್ಲಿ 50,000 ಗಂಟೆ, ಅಂದರೆ ಐದು ವರ್ಷಕ್ಕೂ ಹೆಚ್ಚು ಕಾಲ ಉರಿಯುತ್ತವೆ. ಲೇಸರ್ ಬಳಸುವ ಹೋಲೋಗ್ರಾಫಿಕ್ ಬಗೆಯಲ್ಲಿ ಕಿಟಕಿ ವಿಶಾಲವಾಗಿರುತ್ತದೆ, ದೊಡ್ಡ ಬಳೆಯ ನಡುವಿನ ಸಣ್ಣ ಚುಕ್ಕೆಯೂ ಚೆನ್ನಾಗಿರುತ್ತದೆ, ಆದರೆ ಅಲ್ಲಿ ಬ್ಯಾಟರಿಯ ಆಯುಸ್ಸು ಸಾವಿರ ಗಂಟೆಯ ಲೆಕ್ಕಕ್ಕೆ ಇಳಿಯುತ್ತದೆ. ಬಳಸಿದ ಮೇಲೆ ಬೆಳಕನ್ನು ನಂದಿಸಲು ಮರೆಯುವ ನನ್ನಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಚುಕ್ಕೆಯ ಗಾತ್ರವನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಒಎ 100 ಮೀಟರಿನಲ್ಲಿ 2.9 ಸೆಂಟಿಮೀಟರ್ ಅಗಲವನ್ನು ಮುಚ್ಚುತ್ತದೆ, 50 ಮೀಟರಿನಲ್ಲಿ ಅದರ ಅರ್ಧ. ನಾನು ಹೇಳುವುದು 2 ಎಂಒಎ ಚುಕ್ಕೆ. 6 ಎಂಒಎ ಚುಕ್ಕೆ ಕಣ್ಣಿಗೆ ಬೇಗ ಸಿಗುತ್ತದೆ ಎಂದು ವಾದಿಸುವವರಿದ್ದಾರೆ, ಪಿಸ್ತೂಲಿನ ಮಟ್ಟಿಗೆ ಆ ವಾದ ಸರಿಯೂ ಹೌದು. ಆದರೆ ಭುಜಕ್ಕೂ ಕೆನ್ನೆಗೂ ಆನಿಸಿ ಹಿಡಿಯುವ ಕಾರ್ಬೈನಿನಲ್ಲಿ ಚುಕ್ಕೆಯನ್ನು ಹುಡುಕುವ ಕಷ್ಟವೇ ಇರುವುದಿಲ್ಲ. ಬೇಕೆನಿಸಿದರೆ ಬೆಳಕನ್ನು ಒಂದು ಹಂತ ಏರಿಸಿ ಸಣ್ಣ ಚುಕ್ಕೆಯನ್ನು ದೊಡ್ಡದಾಗಿ ಕಾಣಿಸಿಕೊಳ್ಳಬಹುದು, ದೊಡ್ಡ ಚುಕ್ಕೆಯನ್ನು ಸಣ್ಣದು ಮಾಡುವ ಉಪಾಯ ಮಾತ್ರ ಇಲ್ಲ.

ಇನ್ನು ಬೋಲ್ಟಿನ ಮಾತು. 9 ಎಂಎಂ ಎಂದರೆ ಒದೆತ ಕಡಿಮೆ, ಆದ್ದರಿಂದ ಆಟಿಕೆಯ ಬಂದೂಕಿಗೆಂದು ಮಾಡಿದ ಆಪ್ಟಿಕ್ ಕೂಡ ಸಾಕು ಎಂಬ ನಂಬಿಕೆ ಹೊಸಬರಲ್ಲಿ ಬಹಳ ಗಟ್ಟಿ. ನಾನೂ ಒಮ್ಮೆ ಹಾಗೆಯೇ ನಂಬಿದ್ದೆ. ಅಗ್ಗದ ಕಾರ್ಬೈನ್‌ಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಬಗೆಯವು: ಅವುಗಳಲ್ಲಿ ಬೋಲ್ಟನ್ನು ಬೀಗ ಹಾಕಿ ಹಿಡಿಯುವ ವ್ಯವಸ್ಥೆ ಇರುವುದಿಲ್ಲ, ಗುಂಡು ನಳಿಕೆಯನ್ನು ದಾಟುವವರೆಗೆ ಬೋಲ್ಟು ತನ್ನ ಭಾರದಿಂದಲೂ ಸ್ಪ್ರಿಂಗಿನ ಒತ್ತಡದಿಂದಲೂ ಮಾತ್ರ ಮುಚ್ಚಿಕೊಂಡಿರಬೇಕು. ಅದಕ್ಕಾಗಿ ಬೋಲ್ಟನ್ನೂ ಅದರ ಹಿಂದಿನ ಭಾರದ ತುಂಡಾದ ಬಫರನ್ನೂ ಸೇರಿಸಿ ಅರ್ಧ ಕಿಲೋಗೂ ಹೆಚ್ಚು ಉಕ್ಕನ್ನು ತುಂಬಿರುತ್ತಾರೆ. ಪ್ರತಿ ಈಡಿಗೂ ಆ ಉಕ್ಕಿನ ಗಟ್ಟಿ ಹಿಂದಕ್ಕೆ ಹೋಗಿ ಬಡಿಯುತ್ತದೆ, ಮರುಕ್ಷಣ ಮುಂದಕ್ಕೆ ಬಂದು ಮತ್ತೆ ಬಡಿಯುತ್ತದೆ. ಭುಜಕ್ಕೆ ಅದು ದೊಡ್ಡದೆನಿಸದಿದ್ದರೂ ಆಪ್ಟಿಕ್ಕಿಗೆ ಎರಡೂ ದಿಕ್ಕಿನಿಂದ ಸುತ್ತಿಗೆಯ ಪೆಟ್ಟು ಬಿದ್ದ ಹಾಗೆ. 1966ರಿಂದ ಬಳಕೆಯಲ್ಲಿರುವ ಎಂಪಿ5 ಬಗೆಯ ಬಂದೂಕುಗಳು ಮೃದುವೆನಿಸುವುದಕ್ಕೆ ಕಾರಣ, ಅವುಗಳ ಬೋಲ್ಟಿನ ಓಟವನ್ನು ಎರಡು ಉರುಳೆಗಳು ತಡಮಾಡಿಸುತ್ತವೆ, ಹಾಗಾಗಿ ಅಷ್ಟು ಭಾರದ ಬೋಲ್ಟು ಅಲ್ಲಿ ಬೇಕಾಗುವುದಿಲ್ಲ.

ನನ್ನ ಮೊದಲ ಆಪ್ಟಿಕ್ ಮೂರನೆಯ ಅಭ್ಯಾಸಕ್ಕೇ ಹಾದಿ ತಪ್ಪಿತು. ಗುಂಡುಗಳು ಎಡಕ್ಕೆ ಸರಿಯತೊಡಗಿದವು. ನಾನು ಮೊದಲು ತೋಟಾವನ್ನು ಬೈದೆ, ಆಮೇಲೆ ಕುದುರೆ ಎಳೆಯುವ ನನ್ನ ಬೆರಳನ್ನು ಬೈದೆ, ಚುಕ್ಕೆಯನ್ನು ತಿರುಗಿಸಿ ತಿರುಗಿಸಿ ಬಲಕ್ಕೆ ತಂದೆ, ಮತ್ತೆ ಎಡಕ್ಕೆ ಹೋಯಿತು. ಕೊನೆಗೆ ಅದನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಒಳಗಿನಿಂದ ಏನೋ ಗಲಗಲ ಎಂದಿತು. ಹೊಂದಿಸಿಟ್ಟ ಗುರಿಯನ್ನು ಹಿಡಿದಿಡಲಾರದ ಆಪ್ಟಿಕ್ಕಿಗಿಂತ ಬಂದೂಕಿನೊಂದಿಗೆ ಬಂದಿದ್ದ, ಗಾಜಿಲ್ಲದ ಲೋಹದ ಗುರಿಗಣ್ಣಾದ ಐರನ್ ಸೈಟೇ ಎಷ್ಟೋ ವಾಸಿ ಎಂದು ಆ ದಿನ ಅನಿಸಿತು. ಆದ್ದರಿಂದ ಬ್ಲೋಬ್ಯಾಕ್ ಕಾರ್ಬೈನ್ ಇಟ್ಟುಕೊಂಡವರಿಗೆ ನನ್ನ ಸಲಹೆ, ಪೂರ್ಣ ಪ್ರಮಾಣದ ರೈಫಲ್ ಅಥವಾ ಶಾಟ್‌ಗನ್ನಿನ ಒದೆತಕ್ಕೆ ತಾಳುತ್ತದೆಂದು ತಯಾರಕರೇ ಹೇಳಿರುವ ಆಪ್ಟಿಕ್ಕನ್ನೇ ಕೊಳ್ಳಿ, ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಇನ್ನು ಕೆಲವು ತಿಂಗಳು ಐರನ್ ಸೈಟಿನಲ್ಲೇ ಕಲಿಯಿರಿ.

ಆಪ್ಟಿಕ್ ಗಟ್ಟಿಯಿದ್ದು ಮೌಂಟು ಸಡಿಲವಿದ್ದರೂ ಫಲ ಒಂದೇ. ಈಗಿನ ಬಹುತೇಕ ಕಾರ್ಬೈನ್‌ಗಳ ಮೇಲೆ 1995ರಲ್ಲಿ ಅಮೆರಿಕದ ಸೇನೆ ಪ್ರಮಾಣೀಕರಿಸಿದ ಪಿಕಾಟಿನಿ ಪಟ್ಟಿ ಇರುತ್ತದೆ, ಅದರ ಅಡ್ಡ ತೋಡುಗಳಲ್ಲಿ ಮೌಂಟಿನ ಅಡ್ಡಪಟ್ಟಿ ಕೂರುತ್ತದೆ. ಬಂದೂಕು ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡ ಮೇಲೆ, ಮೌಂಟನ್ನು ತೋಡಿನಲ್ಲಿ ಕೂರಿಸಿ, ನಳಿಕೆಯ ತುದಿಯ ಕಡೆಗೆ ಒತ್ತಿ ಹಿಡಿದುಕೊಂಡೇ ತಿರುಪನ್ನು ಬಿಗಿಯಬೇಕು. ನಡುವೆ ಎಡೆ ಉಳಿದರೆ ಒದೆತವೇ ಅದನ್ನು ಆಮೇಲೆ ಸರಿಸುತ್ತದೆ. ಎಷ್ಟು ಬಿಗಿಯಬೇಕೆಂದು ತಯಾರಕರು ಕೊಟ್ಟ ಅಂಕಿಯನ್ನು ಟಾರ್ಕ್ ರೆಂಚಿನಿಂದ ಪಾಲಿಸುವುದು ಒಳ್ಳೆಯದು, ಅಂದಾಜಿನ ಕೈಬಲದಿಂದ ಎಳೆ ಹಾಳಾದ ತಿರುಪುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ತಿರುಪಿನ ತಲೆಯಿಂದ ಮೌಂಟಿನವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದ ದಿನ ತಿರುಪು ತಿರುಗಿದೆಯೆಂದು ನೋಡಿದ ಕೂಡಲೇ ತಿಳಿಯುತ್ತದೆ. ನಡುವೆ ಮಡಚುವ ಕೆಲ್‌ಟೆಕ್ ಸಬ್2000 ರೀತಿಯ ಕಾರ್ಬೈನ್ ಇದ್ದರೆ, ಹಳೆಯ ಮಾದರಿಗಳಲ್ಲಿ ಮೇಲೆ ಕೂತ ಆಪ್ಟಿಕ್ ಮಡಚುವುದಕ್ಕೇ ಅಡ್ಡಬರುತ್ತದೆಂಬುದನ್ನು ಕೊಳ್ಳುವ ಮೊದಲೇ ನೆನೆದುಕೊಳ್ಳಬೇಕು.

ಎತ್ತರದ ವಿಚಾರದಲ್ಲಿ ಅನೇಕರು ಎಡವುತ್ತಾರೆ. ಎಆರ್, ಅಂದರೆ ಎಆರ್-15 ರೈಫಲಿನ ಆಕಾರದ ಕಾರ್ಬೈನಿನಲ್ಲಿ ಚುಕ್ಕೆ ನಳಿಕೆಯ ನಡುರೇಖೆಗಿಂತ ಆರೂವರೆ ಸೆಂಟಿಮೀಟರಿನಷ್ಟು ಮೇಲಿರುತ್ತದೆ. 50 ಮೀಟರಿಗೆ ಹೊಂದಿಸಿದ ಮೇಲೂ ಐದು ಮೀಟರಿನಲ್ಲಿ ಗುಂಡು ಚುಕ್ಕೆಗಿಂತ ಐದು ಸೆಂಟಿಮೀಟರಿನಷ್ಟು ಕೆಳಗೇ ಬೀಳುತ್ತದೆ, ಏಕೆಂದರೆ ಅದು ಇನ್ನೂ ನೋಟದ ರೇಖೆಯವರೆಗೆ ಏರಿರುವುದಿಲ್ಲ. ರೈಫಲಿನಲ್ಲಿ ಇದನ್ನು ಮರೆತರೂ ನಡೆದೀತು. ಹತ್ತಿರದ ಗುರಿಗಳೇ ಹೆಚ್ಚಾಗಿರುವ ಪಿಸ್ತೂಲ್ ತೋಟಾದ ಕಾರ್ಬೈನಿನಲ್ಲಿ ಇದನ್ನು ಮರೆತವನು ಸಣ್ಣ ಫಲಕದ ಕೆಳಗಂಚನ್ನೇ ಸವರುತ್ತಿರುತ್ತಾನೆ. ಹಾಗೆಂದು ಮೌಂಟು ತೀರಾ ತಗ್ಗಾಗಿರಬೇಕೆಂದಲ್ಲ. ಕೆನ್ನೆಯನ್ನು ಸ್ಟಾಕಿಗೆ (ಭುಜಕ್ಕೆ ಆನಿಸುವ ಹಿಂಭಾಗಕ್ಕೆ) ಸಹಜವಾಗಿ ಆನಿಸಿದಾಗ ಕಿಟಕಿಯ ನಡುವೆ ಚುಕ್ಕೆ ತಾನಾಗಿ ಕಾಣುವ ಎತ್ತರವೇ ಸರಿಯಾದ ಎತ್ತರ. ಹಳೆಯ ಕೋವಿಯ ಆಕಾರದ, ಇಳಿಜಾರಾದ ಸ್ಟಾಕ್ ಇರುವ ಕಾರ್ಬೈನಿಗೆ ಎಆರ್‌ಗೆಂದು ಮಾಡಿದ ಎತ್ತರದ ಮೌಂಟನ್ನು ಹಾಕಿದರೆ ಕೆನ್ನೆಯ ಬದಲು ಗದ್ದವನ್ನು ಊರಬೇಕಾಗುತ್ತದೆ.

ಕನ್ನಡಕದ ಪ್ರಶ್ನೆ ಯಾಕೆ ಕೇಳುತ್ತೇನೆಂದು ಈಗ ಹೇಳಬೇಕು. ಕಣ್ಣಿನ ಪಾರದರ್ಶಕ ಪಟಲದ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇಲ್ಲದಿದ್ದರೆ ಅದನ್ನು ಅಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ಅಂಥ ಕಣ್ಣಿಗೆ ಎಲ್‌ಇಡಿಯ ಚುಕ್ಕೆ ದುಂಡಗೆ ಕಾಣದೆ ನಕ್ಷತ್ರದಂತೆ, ಅಲ್ಪವಿರಾಮದಂತೆ, ಕೆಲವೊಮ್ಮೆ ಹಿಸುಕಿದ ದ್ರಾಕ್ಷಿಯ ಗೊಂಚಲಿನಂತೆ ಕಾಣುತ್ತದೆ. ಬಹಳ ಮಂದಿ ಇದನ್ನು ಆಪ್ಟಿಕ್ಕಿನ ದೋಷವೆಂದುಕೊಂಡು ಮರಳಿಸಿ, ಇನ್ನೊಂದನ್ನು ತಂದು, ಅದನ್ನೂ ಮರಳಿಸುತ್ತಾರೆ. ಪರೀಕ್ಷೆ ಸುಲಭ: ಬಂದೂಕಿನಿಂದ ಬಿಚ್ಚಿದ ಆಪ್ಟಿಕ್ಕನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಚುಕ್ಕೆಯ ಬಾಲ ಆಪ್ಟಿಕ್ಕಿನ ಜೊತೆಗೆ ತಿರುಗಿದರೆ ದೋಷ ಆಪ್ಟಿಕ್ಕಿನದು. ಅದು ಇದ್ದ ದಿಕ್ಕಿನಲ್ಲೇ ನಿಂತರೆ ದೋಷ ಕಣ್ಣಿನದು. ಫೋನಿನ ಕ್ಯಾಮೆರಾದಲ್ಲಿ ಹಾಯಿಸಿ ನೋಡಿದರೂ ತಿಳಿಯುತ್ತದೆ, ಕ್ಯಾಮೆರಾಕ್ಕೆ ಅಸ್ಟಿಗ್ಮ್ಯಾಟಿಸಂ ಇರುವುದಿಲ್ಲ.

ದೋಷ ಕಣ್ಣಿನದೆಂದು ತಿಳಿದರೆ ಮೊದಲು ಕನ್ನಡಕ ಸರಿಮಾಡಿಸಿಕೊಂಡು ನೋಡಬೇಕು, ಬೆಳಕಿನ ಮಟ್ಟವನ್ನು ಕಾಣುವಷ್ಟಕ್ಕೆ ಮಾತ್ರ ಇಳಿಸಬೇಕು. ಆಗಲೂ ತೃಪ್ತಿಯಾಗದಿದ್ದರೆ ಪ್ರಿಸಂ ಸೈಟ್ ಎಂಬ ಬಗೆ ಇದೆ. ಅದರಲ್ಲಿ ಗುರಿಗುರುತನ್ನು ಗಾಜಿನ ಮೇಲೆಯೇ ಕೊರೆದಿರುತ್ತಾರೆ, ಕಣ್ಣಿಗೆ ತಕ್ಕಂತೆ ಅದರ ಸ್ಪಷ್ಟತೆಯನ್ನು ತಿದ್ದಿಕೊಳ್ಳುವ ತಿರುಗಣೆ ಹಿಂಬದಿಯಲ್ಲಿರುತ್ತದೆ, ಬ್ಯಾಟರಿ ಸತ್ತರೂ ಗುರುತು ಕಪ್ಪಾಗಿ ಕಾಣುತ್ತಲೇ ಇರುತ್ತದೆ. ಕಣ್ಣನ್ನು ಅದರ ಹತ್ತಿರವೇ ಇಡಬೇಕೆಂಬುದು ಅದರ ಬೆಲೆ. ಇಂಥ ಕಣ್ಣಿನವರಿಗೆ ನಾನು ರೆಡ್ ಡಾಟನ್ನು ಬಿಟ್ಟು ಒಂದು ಪಟ್ಟಿನ ಪ್ರಿಸಮ್ಮನ್ನೇ ಹೇಳುತ್ತೇನೆ. ನನ್ನ ಸಾಮಾನ್ಯ ಸಲಹೆಗೆ ಇರುವ ದೊಡ್ಡ ಅಪವಾದ ಇದೊಂದೇ.

ರೆಡ್ ಡಾಟಿನಲ್ಲಿ ತೆರೆದ ಬಗೆ, ಮುಚ್ಚಿದ ಬಗೆ ಎಂಬ ಚರ್ಚೆಯನ್ನು ಎರಡು ಮಾತಿನಲ್ಲಿ ಮುಗಿಸಬಹುದು: ತೆರೆದದ್ದರಲ್ಲಿ ಎಲ್‌ಇಡಿಗೂ ಗಾಜಿಗೂ ನಡುವೆ ಒಂದು ಮಳೆಹನಿ ಅಥವಾ ದೂಳಿನ ಎಳೆ ಕೂತರೆ ಚುಕ್ಕೆ ಕೆಡುತ್ತದೆ, ಆದ್ದರಿಂದ ಪಿಸ್ತೂಲಿನಷ್ಟು ತೂಕದ ಚಿಂತೆ ಇಲ್ಲದ ಕಾರ್ಬೈನಿಗೆ ಮುಚ್ಚಿದ್ದೇ ಲೇಸು. ಚುಕ್ಕೆ ಕೆಂಪೋ ಹಸಿರೋ ಎಂಬುದನ್ನು ನಿಮ್ಮ ಕಣ್ಣೇ ಹೇಳಲಿ.

ಗುರಿ ಹೊಂದಿಸುವುದನ್ನು 25 ಮೀಟರಿನಲ್ಲಿ ಶುರುಮಾಡಿ 50ರಲ್ಲಿ ಮುಗಿಸಿ, ಮುಂದೆ ಯಾವ ತೋಟಾ ಬಳಸುತ್ತೀರೋ ಅದರಿಂದಲೇ. ಬಂದೂಕನ್ನು ಚೀಲದ ಮೇಲೆ ಊರಿ ಐದು ಈಡು ಹಾರಿಸಿ, ಆ ಐದರ ನಡುಭಾಗವನ್ನು ನೋಡಿ ತಿದ್ದಬೇಕೇ ಹೊರತು ಒಂದೊಂದು ರಂಧ್ರದ ಹಿಂದೆ ಓಡಬಾರದು. ಒಂದು ಕ್ಲಿಕ್ ಒಂದು ಎಂಒಎ ಆಗಿದ್ದರೆ 50 ಮೀಟರಿನಲ್ಲಿ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಸರಿಸುತ್ತದೆ, ಅರ್ಧ ಎಂಒಎ ಆಗಿದ್ದರೆ ಅದರ ಅರ್ಧ. ಹೊಂದಿಸಿದ ಮೇಲೆ ಅದೇ ದಿನ 10 ಮತ್ತು 5 ಮೀಟರಿನಲ್ಲೂ ಒಂದೊಂದು ಗುಂಪು ಹಾರಿಸಿ, ಎಷ್ಟು ಕೆಳಗೆ ಬಿತ್ತೆಂದು ಒಂದು ಚೀಟಿಯಲ್ಲಿ ಬರೆದು ಬಂದೂಕಿನ ಚೀಲದೊಳಗೆ ಇಟ್ಟುಕೊಳ್ಳಿ. ಇನ್ನೂರು ಈಡಾದ ಮೇಲೆ ತಿರುಪಿನ ಗೆರೆ ನೋಡಿ, 50 ಮೀಟರಿನಲ್ಲಿ ಮತ್ತೊಮ್ಮೆ ಐದು ಹಾರಿಸಿ. ಗುಂಪು ಇದ್ದಲ್ಲೇ ಇದ್ದರೆ ನೀವು ಕೊಂಡ ಆಪ್ಟಿಕ್ ಯಾವ ಕಂಪನಿಯದೆಂದು ನಾನು ಕೇಳುವುದಿಲ್ಲ.