ಎಸಿ ತಂಪಾಗದಿದ್ದರೆ ಮೊದಲೇ ಗ್ಯಾಸ್ ಅನ್ನಬೇಡಿ

ಎಸಿ ಸರಿಯಾಗಿ ತಂಪು ಮಾಡುತ್ತಿಲ್ಲ ಅಂತ ಯಾರಿಗಾದರೂ ಹೇಳಿ ನೋಡಿ. "ಗ್ಯಾಸ್ ಖಾಲಿಯಾಗಿರಬೇಕು, ತುಂಬಿಸಿ" ಅನ್ನುವ ಉತ್ತರ ಥಟ್ಟನೆ ಬರುತ್ತದೆ. ನನಗೆ ಫೋನ್ ಮಾಡುವ ನೆಂಟರು, ಗೆಳೆಯರು ಶುರು ಮಾಡುವುದೇ ಅಲ್ಲಿಂದ. ನಾನು ಮೆಕ್ಯಾನಿಕ್ ಅಲ್ಲ. ಮನೆಯ ಎಸಿಯನ್ನು ವರ್ಷಗಟ್ಟಲೆ ನಾನೇ ನೋಡಿಕೊಂಡು ಬಂದವನು, ಅಷ್ಟೇ. ಹಾಗೆ ನೋಡಿಕೊಳ್ಳುತ್ತಾ ಒಂದು ವಿಷಯ ಖಾತ್ರಿಯಾಗಿದೆ. ತಂಪು ಕಮ್ಮಿಯಾದಾಗ ತೊಂದರೆ ಹೆಚ್ಚಾಗಿ ಗಾಳಿ ಓಡಾಡುವ ದಾರಿಯಲ್ಲಿರುತ್ತದೆ. ಗ್ಯಾಸಿನ ಸರದಿ ಬರುವುದು ಆಮೇಲೆ.

ಯಾಕೆ ಅಂದರೆ ಎಸಿಯ ಗ್ಯಾಸ್ ಉರಿದು ಮುಗಿಯುವ ವಸ್ತುವಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಒಳಗಿನ ಯೂನಿಟ್ಟಿನಲ್ಲಿ ಮಡಚಿ ಮಡಚಿ ಜೋಡಿಸಿದ ಪೈಪು, ಅಂದರೆ ಕಾಯಿಲ್‌ನಲ್ಲಿ ಆವಿಯಾಗುತ್ತಾ ಕೋಣೆಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಾಯಿಲ್‌ಗೆ ತಳ್ಳುತ್ತದೆ, ಅಲ್ಲಿ ಬಿಸಿಯನ್ನೆಲ್ಲ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಎಲ್ಲೂ ತೂತಿಲ್ಲದ ದಾರಿ ಇದು. ಹತ್ತು ವರ್ಷ ಓಡಿದರೂ ಗ್ಯಾಸ್ ಕಮ್ಮಿಯಾಗಬಾರದು. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. "ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು ಸಾರ್" ಅಂತ ಯಾರಾದರೂ ಹೇಳಿದರೆ ಜಗಳ ಬೇಡ, ಎಲ್ಲಿ ಸೋರುತ್ತಿದೆ ಸ್ವಲ್ಪ ತೋರಿಸಿ ಅಂತ ಕೇಳಿ, ಸಾಕು.

ಯಾರನ್ನೂ ಕರೆಯುವ ಮೊದಲು ರಿಮೋಟ್ ನೋಡಿ. ನಗಬೇಡಿ, ನಾನು ಪರಿಹರಿಸಿದ "ಕೆಟ್ಟ ಎಸಿ"ಗಳಲ್ಲಿ ಎಷ್ಟೋ ಇಲ್ಲೇ ಸರಿಹೋಗಿವೆ. ಪರದೆಯಲ್ಲಿ ಹಿಮದ ಹರಳಿನ ಚಿತ್ರ ಇದ್ದರೆ ಕೂಲ್ ಮೋಡ್. ನೀರಿನ ಹನಿ ಇದ್ದರೆ ಡ್ರೈ ಮೋಡ್, ಅದರ ಮುಖ್ಯ ಕೆಲಸ ಗಾಳಿಯ ತೇವ ತೆಗೆಯುವುದು. ಬರೀ ಫ್ಯಾನ್ ಚಿತ್ರ ಇದ್ದರೆ ಕಂಪ್ರೆಸರ್ ಓಡುವುದೇ ಇಲ್ಲ, ಎಸಿ ಸುಮ್ನೆ ಫ್ಯಾನ್ ಕೆಲಸ ಮಾಡುತ್ತಿರುತ್ತದೆ. ಸ್ಲೀಪ್ ಒತ್ತಿದ್ದರೆ ರಾತ್ರಿ ಕಳೆದಂತೆ ಅದು ತಾನಾಗಿ ಒಂದೆರಡು ಡಿಗ್ರಿ ಏರಿಸುತ್ತದೆ. ಬೆಳಗಿನ ಜಾವ ತಂಪೇ ಇರುವುದಿಲ್ಲ ಅನ್ನುವವರು ಇದನ್ನು ನೋಡಿಕೊಳ್ಳಿ. ರಿಮೋಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನುಮಾನ ಇದ್ದರೆ ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ತುದಿಯನ್ನು ಅದಕ್ಕೆ ತೋರಿಸಿ ಬಟನ್ ಒತ್ತಿ. ಕಣ್ಣಿಗೆ ಕಾಣದ ಬೆಳಕು ಹೆಚ್ಚಿನ ಫೋನ್‌ಗಳಲ್ಲಿ ಮಿಣುಕುತ್ತಾ ಕಾಣುತ್ತದೆ. ಇನ್ನೊಂದು ವಿಷಯ, ಆಫ್ ಮಾಡಿ ಕೂಡಲೇ ಆನ್ ಮಾಡಿದರೆ ಕಂಪ್ರೆಸರ್ ಸುಮಾರು 3 ನಿಮಿಷ ಎದ್ದೇಳುವುದಿಲ್ಲ. ಒಳಗಿನ ಒತ್ತಡ ಎರಡೂ ಕಡೆ ಸಮ ಆಗಲಿ ಅಂತ ಬೇಕೆಂದೇ ಇಟ್ಟ ವ್ಯವಸ್ಥೆ ಅದು. ಆ 3 ನಿಮಿಷದಲ್ಲಿ ನಾಲ್ಕು ಸಲ ಆನ್ ಆಫ್ ಮಾಡಿ "ಏನು ಮಾಡಿದರೂ ತಂಪಿಲ್ಲ" ಅನ್ನುವವರನ್ನು ನೋಡಿದ್ದೇನೆ.

ಇನ್ನು ಫಿಲ್ಟರ್. ಇದನ್ನು ಎಲ್ಲರೂ ಹೇಳುತ್ತಾರೆ, ಆದರೂ ಮಾಡುವವರು ಕಮ್ಮಿ. ಮುಂದಿನ ಮುಚ್ಚಳ ಎತ್ತಿದರೆ ಸಾಮಾನ್ಯವಾಗಿ ಎರಡು ಜಾಲರಿ ಸಿಗುತ್ತವೆ. ದಿನಾ ಓಡುವ ಎಸಿಯಾದರೆ ಎರಡು ವಾರಕ್ಕೊಮ್ಮೆ ತೊಳೆಯಿರಿ. ಧೂಳು ಜಾಸ್ತಿ ಇದ್ದರೆ, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಇನ್ನೂ ಬೇಗ. ನೀರನ್ನು ಹಿಂಬದಿಯಿಂದ ಬಿಡಬೇಕು, ಮುಂದಿನಿಂದ ಬಿಟ್ಟರೆ ಧೂಳು ಜಾಲರಿಯೊಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಹಾಕಿ. ಒಣಗುವ ತನಕ ಫಿಲ್ಟರ್ ಇಲ್ಲದೆಯೇ ಎಸಿ ಓಡಿಸೋಣ ಅನ್ನುವ ಆಸೆ ಬರುತ್ತದಲ್ವಾ, ಅದನ್ನು ಮಾತ್ರ ಮಾಡಬೇಡಿ. ಒದ್ದೆ ಕಾಯಿಲ್ ಮೇಲೆ ಧೂಳು ಕೂತರೆ ಮೆತ್ತಿಕೊಂಡು ಬಿಡುತ್ತದೆ, ಆಮೇಲೆ ಅದನ್ನು ತೆಗೆಯುವುದು ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ.

ಫಿಲ್ಟರ್ ಕ್ಲೀನ್ ಇದೆ, ಆದರೂ ಗಾಳಿ ಬರುತ್ತಿಲ್ಲ ಅಂದರೆ ಬ್ಲೋವರ್ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಒಳಗಿನ ಯೂನಿಟ್ಟಿನಲ್ಲಿ ಉದ್ದಕ್ಕೆ ಮಲಗಿರುವ ಒಂದು ಉರುಳೆ ಇದೆ, ಅದರ ತುಂಬಾ ಸಣ್ಣ ಸಣ್ಣ ಬಾಗಿದ ಎಲೆಗಳು. ಮೇನ್ ಸ್ವಿಚ್ ಆಫ್ ಮಾಡಿ, ಗಾಳಿ ಬರುವ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಆ ಎಲೆಗಳ ಬಾಗಿನಲ್ಲಿ ಕಪ್ಪಗೆ ಕೊಳೆ ತುಂಬಿದ್ದರೆ ಉರುಳೆ ಎಷ್ಟೇ ಜೋರಾಗಿ ತಿರುಗಿದರೂ ಗಾಳಿಯನ್ನು ಹಿಡಿದು ತಳ್ಳಲು ಆಗುವುದಿಲ್ಲ. ಇದಕ್ಕೆ ಪೂರ್ತಿ ಬಿಚ್ಚಿ ತೊಳೆಯುವ ಸರ್ವೀಸ್ ಬೇಕು. ಫಿಲ್ಟರ್ ಉಜ್ಜಿ, ಮುಂದಿನ ಪ್ಯಾನೆಲ್ ಒರೆಸಿ ಹೋಗುವ ಸರ್ವೀಸಿನಿಂದ ಏನೂ ಉಪಯೋಗವಿಲ್ಲ.

ನನ್ನ ಹತ್ತಿರ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಇದೆ. ಎಸಿ ಬಗ್ಗೆ ವಾದ ಮಾಡುವ ಮೊದಲು ಅದನ್ನು ತೆಗೆಯುತ್ತೇನೆ. ಕೂಲ್ ಮೋಡ್, ಕಡಿಮೆ ತಾಪಮಾನ, ಫ್ಯಾನ್ ಜೋರು, ಹೀಗೆ ಇಟ್ಟು 15-20 ನಿಮಿಷ ಬಿಡಿ. ಆಮೇಲೆ ಯೂನಿಟ್ಟಿನ ಮೇಲ್ಭಾಗದಲ್ಲಿ ಒಳಗೆ ಹೋಗುವ ಗಾಳಿಯನ್ನೂ, ಕೆಳಗೆ ಹೊರಬರುವ ಗಾಳಿಯನ್ನೂ ಅಳೆಯಿರಿ. ಎರಡರ ನಡುವೆ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ವ್ಯತ್ಯಾಸ ಸ್ವಲ್ಪ ಕಮ್ಮಿ ಬರುತ್ತದೆ. ಇನ್ವರ್ಟರ್ ಎಸಿಯಲ್ಲಿ, ಅಂದರೆ ಕಂಪ್ರೆಸರ್ ವೇಗವನ್ನು ಬೇಕಾದಂತೆ ಹೆಚ್ಚು ಕಮ್ಮಿ ಮಾಡಿಕೊಳ್ಳುವ ಎಸಿಯಲ್ಲಿ, ಕೋಣೆ ಆಗಲೇ ತಂಪಾಗಿದ್ದರೆ ಈ ಲೆಕ್ಕ ಹಿಡಿಯಬೇಡಿ, ಕಂಪ್ರೆಸರ್ ನಿಧಾನಕ್ಕೆ ಓಡುತ್ತಿರುತ್ತದೆ. ವ್ಯತ್ಯಾಸ ಸರಿಯಾಗಿದ್ದೂ ಕೋಣೆ ಬಿಸಿ ಅಂದರೆ ತೊಂದರೆ ಎಸಿಯಲ್ಲಿಲ್ಲ, ಕೋಣೆಯಲ್ಲಿದೆ. ಬಿಸಿಲು ಬೀಳುವ ಗಾಜು, ಬಾಗಿಲ ಕೆಳಗಿನ ಸಂದು, ಮೇಲಿನ ಕಾದ ತಾರಸಿ, ಇಲ್ಲವೇ ಕೋಣೆಗೆ ಸಾಲದ ಟನ್. ಒಂದು ಟನ್ ಎಸಿ ಅಂದರೆ ಕೋಣೆಯಿಂದ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಸಾಗಿಸಬಲ್ಲದು. ಅದಕ್ಕಿಂತ ಜಾಸ್ತಿ ಬಿಸಿ ಒಳಗೆ ಬರುತ್ತಿದ್ದರೆ ಯಾವ ಮೆಕ್ಯಾನಿಕ್ ಬಂದರೂ ಏನೂ ಮಾಡಲಾಗುವುದಿಲ್ಲ.

16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದೂ ಸುಳ್ಳು. ಹಳೆ ಥರದ ಎಸಿಯ ಕಂಪ್ರೆಸರ್‌ಗೆ ಇರುವುದು ಎರಡೇ ಸ್ಥಿತಿ, ಓಡುವುದು ಮತ್ತು ನಿಲ್ಲುವುದು. ಇನ್ವರ್ಟರ್ ಎಸಿಯೂ ಅಷ್ಟೇ, ಕೋಣೆ ಕಾದಿರುವಾಗ 24 ಇಟ್ಟರೂ ಜೋರಾಗಿಯೇ ಓಡುತ್ತದೆ. 16 ಇಟ್ಟರೆ ಆಗುವುದು ಒಂದೇ, ಅದು ನಿಲ್ಲುವುದೇ ಇಲ್ಲ.

ಕಾಯಿಲ್ ಮೇಲೆ ಐಸ್ ಕಟ್ಟುವುದು ಸ್ವಲ್ಪ ತಲೆ ಕೆಡಿಸುವ ವಿಷಯ. ಗಾಳಿ ಕಮ್ಮಿಯಾದರೂ ಐಸ್ ಬರುತ್ತದೆ, ಗ್ಯಾಸ್ ಕಮ್ಮಿಯಾದರೂ ಬರುತ್ತದೆ. ಗಾಳಿ ಸಾಕಷ್ಟು ಹರಿಯದಿದ್ದರೆ ಕಾಯಿಲ್‌ಗೆ ಬಿಸಿ ಸಿಗದೆ ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಗ್ಯಾಸ್ ಕಮ್ಮಿಯಾದಾಗ ಕಾಯಿಲ್‌ನಲ್ಲಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಾಗ ಗ್ಯಾಸ್ ಇನ್ನೂ ಕಡಿಮೆ ತಾಪಮಾನದಲ್ಲಿ ಕುದಿದು ಆವಿಯಾಗುತ್ತದೆ, ಮೇಲೆ ಕೂತ ತೇವ ಹೆಪ್ಪುಗಟ್ಟುತ್ತದೆ. ಯಾವುದು ಕಾರಣ ಅಂತ ತಿಳಿಯಲು ದಾರಿ ಇದೆ. ಕೂಲ್ ನಿಲ್ಲಿಸಿ ಫ್ಯಾನ್ ಮೋಡ್‌ಗೆ ಹಾಕಿ, ಐಸ್ ಪೂರ್ತಿ ಕರಗಲು ಬಿಡಿ. ಚಾಕು ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಕಾಯಿಲ್‌ಗೆ ತೂತಾದರೆ ಗ್ಯಾಸೆಲ್ಲ ಹೋಯಿತು. ಕರಗಿದ ಮೇಲೆ ಫಿಲ್ಟರ್ ತೊಳೆದು, ಬ್ಲೋವರ್ ಕ್ಲೀನ್ ಇದೆಯಾ ನೋಡಿ ಮತ್ತೆ ಓಡಿಸಿ. ಗಾಳಿ ಚೆನ್ನಾಗಿ ಬರುತ್ತಿದ್ದೂ ಮತ್ತೆ ಐಸ್ ಕಟ್ಟಿತು ಅಂದರೆ, ಸರಿ, ಈಗ ಗ್ಯಾಸ್ ಮೇಲೆ ಅನುಮಾನ ಪಡಬಹುದು.

ಹೊರಗಿನ ಯೂನಿಟ್ಟನ್ನು ಮನೆಯವರು ಯಾರೂ ನೋಡುವುದಿಲ್ಲ. ಕೋಣೆಯಿಂದ ತೆಗೆದ ಬಿಸಿಯೆಲ್ಲ ಹೊರಹೋಗುವುದು ಅಲ್ಲಿಂದಲೇ. ಅದರ ಹಿಂದಿನ ಕಾಯಿಲ್‌ಗೆ ಧೂಳು, ಎಲೆ, ಹತ್ತಿ ಅಂಟಿದ್ದರೆ, ಮುಂದೆ ಡಬ್ಬ ಇಟ್ಟಿದ್ದರೆ, ಗೋಡೆಗೆ ತೀರಾ ಒತ್ತಿ ಕೂರಿಸಿದ್ದರೆ ಬಿಸಿಗಾಳಿ ಅಲ್ಲೇ ಸುತ್ತುತ್ತದೆ, ಕರೆಂಟ್ ಜಾಸ್ತಿ ತಿನ್ನುತ್ತದೆ, ಕೊನೆಗೆ ಕಂಪ್ರೆಸರ್ ಕಾದು ತಾನೇ ನಿಲ್ಲುತ್ತದೆ. ಮಧ್ಯಾಹ್ನ ನಿಂತು ಸಂಜೆ ಸರಿಹೋಗುವ ಎಸಿಗಳಿಗೆ ಹೆಚ್ಚಾಗಿ ಇದೇ ರೋಗ. ಮೇನ್ ಆಫ್ ಮಾಡಿ, ಕೈಗೆ ಸುಲಭವಾಗಿ ಎಟುಕುವ ಜಾಗದಲ್ಲಿದ್ದರೆ ಮಾತ್ರ ಸಾದಾ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಪ್ರೆಶರ್ ಪಂಪ್ ಹತ್ತಿರ ಹಿಡಿದರೆ ಕಾಯಿಲ್ ಮೇಲಿನ ತೆಳು ಅಲ್ಯೂಮಿನಿಯಂ ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ವೈರ್ ಇರುವ ಕಡೆ ನೀರು ಬೀಳಬಾರದು. ಹೊರಗಿನ ಯೂನಿಟ್ಟಿನೊಳಗೆ ಹಲ್ಲಿ, ಇರುವೆ ಸೇರಿಕೊಂಡು ಸರ್ಕ್ಯೂಟ್ ಬೋರ್ಡ್ ಸುಡುವುದೂ ಉಂಟು.

ಒಳಗೆ ನೀರು ತೊಟ್ಟಿಕ್ಕುವುದು ಇನ್ನೊಂದು ದೊಡ್ಡ ದೂರು. ನೀರು ಬರುವುದು ತಪ್ಪಲ್ಲ, ಅದು ಎಸಿಯ ಕೆಲಸವೇ. 1902ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಯಂತ್ರ ರೂಪಿಸಿದ್ದು ಗಾಳಿಯ ತೇವ ಹಿಡಿತದಲ್ಲಿಡಲಿಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಹಾಗಾಗಿ ಗಾಳಿಯಲ್ಲಿ ತೇವ ಇರುವ ದಿನ ಹೊರಗಿನ ಡ್ರೈನ್ ಪೈಪಿನಿಂದ ನೀರು ಬೀಳುತ್ತಲೇ ಇರಬೇಕು. ಅಲ್ಲಿ ಬೀಳದೆ ಗೋಡೆ ಮೇಲೆ ಇಳಿಯುತ್ತಿದ್ದರೆ ಪೈಪಿನಲ್ಲಿ ಲೋಳೆ ಕಟ್ಟಿದೆ. ಒದ್ದೆ ಎಳೆಯುವ ವ್ಯಾಕ್ಯೂಮ್ ಇದ್ದರೆ ಪೈಪಿನ ಹೊರ ತುದಿಗೆ ಹಿಡಿದು ಎಳೆಯಿರಿ, ಒಳಗಿಂದ ಬರುವುದನ್ನು ನೋಡಿದರೆ ಊಟ ಸೇರುವುದಿಲ್ಲ. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಾರದು, ದಾರಿಯಲ್ಲಿ ಎಲ್ಲೂ ಮೇಲಕ್ಕೆ ಎದ್ದಿರಬಾರದು. ಯೂನಿಟ್ಟೇ ತಪ್ಪು ಕಡೆಗೆ ವಾಲಿದ್ದರೂ ಹೀಗಾಗುತ್ತದೆ. ಐಸ್ ಕರಗಿದ ನೀರು ಟ್ರೇ ಮೀರಿ ಚೆಲ್ಲುವುದೂ ಇದೆ, ಆಗ ಮೇಲೆ ಹೇಳಿದ ಪರೀಕ್ಷೆಗೇ ವಾಪಸ್ ಹೋಗಿ.

ಹಳೆ ಸಾಕ್ಸಿನ ವಾಸನೆ ಬಂದರೆ ಒದ್ದೆ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ. ಎಸಿ ಆಫ್ ಮಾಡುವ ಮೊದಲು ಅರ್ಧ ಗಂಟೆ ಫ್ಯಾನ್ ಮೋಡ್ ಓಡಿಸುವ ಅಭ್ಯಾಸ ಇಟ್ಟುಕೊಂಡರೆ ಬೆಳೆಯುವುದೇ ಕಮ್ಮಿಯಾಗುತ್ತದೆ.

ಕರೆಂಟಿನ ವಿಷಯಕ್ಕೆ ಬಂದರೆ ನನ್ನ ಧೈರ್ಯ ಅಲ್ಲಿಗೆ ಮುಗಿಯುತ್ತದೆ, ನಿಮ್ಮದೂ ಮುಗಿಯಲಿ. ಹೊರಗಿನ ಯೂನಿಟ್ ಗುಂಯ್ ಅನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ ಅಂದರೆ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಸತ್ತಿರಬಹುದು. ಸಣ್ಣ ಭಾಗ, ಬದಲಾಯಿಸುವುದೂ ಸುಲಭ. ಆದರೆ ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಜೋರಾದ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ವಿಡಿಯೋ ನೋಡಿ ಕೈ ಹಾಕುವ ಜಾಗ ಅಲ್ಲ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್, ಬಿದ್ದರೆ ಒಂದು ಸಲ ಎತ್ತಿ ನೋಡಿ. ಮತ್ತೆ ಬಿದ್ದರೆ ಬಿಡಿ, ಅದು ಏನೋ ಹೇಳುತ್ತಿದೆ. ಪ್ಲಗ್ ಕೈ ಸುಡುವಷ್ಟು ಕಾದಿದ್ದರೆ, ಸುಟ್ಟ ವಾಸನೆ ಬಂದರೆ ಆ ಕ್ಷಣಕ್ಕೆ ಆಫ್ ಮಾಡಿ.

ಇಷ್ಟೆಲ್ಲ ನೋಡಿಯೂ ತಂಪಿಲ್ಲ, ಗ್ಯಾಸೇ ಕಮ್ಮಿ ಅಂತ ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಹಾಕಿ ತೋರಿಸಿದರು ಅಂತಿಟ್ಟುಕೊಳ್ಳಿ. ಆಗ ನೀವು ಪಕ್ಕದಲ್ಲೇ ನಿಲ್ಲಿ. ಮೊದಲ ಕೆಲಸ ಲೀಕ್ ಹುಡುಕುವುದು. ಪೈಪ್ ಸೇರುವ ನಟ್ಟುಗಳ ಸುತ್ತ ಎಣ್ಣೆ ಜಿಡ್ಡು ಕಂಡರೆ ಅಲ್ಲೇ ಸೋರಿರುವ ಸಾಧ್ಯತೆ ಜಾಸ್ತಿ, ಯಾಕಂದರೆ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಾರೆ. ಲೀಕ್ ಸರಿಮಾಡಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ಎಳೆಯಬೇಕು. ಕೆಲವರು ಪಂಪ್ ತರುವುದೇ ಇಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ಹೊರಗೆ ತಳ್ಳಿ ಕೆಲಸ ಮುಗಿಸುತ್ತಾರೆ. ತೇವ ಒಳಗೇ ಉಳಿದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ನಿಧಾನವಾಗಿ ತಿನ್ನುತ್ತದೆ. ಅದರ ಫಲ ಕಾಣುವ ಹೊತ್ತಿಗೆ ಆ ಮನುಷ್ಯನ ನಂಬರ್ ನಿಮ್ಮ ಹತ್ತಿರ ಇರುವುದಿಲ್ಲ.

ಕೊನೆಗೆ ಗ್ಯಾಸ್. ಹೊರಗಿನ ಯೂನಿಟ್ಟಿನ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ತೂಕ ಅಂತ ಬರೆದಿರುತ್ತದೆ. ಆರ್-22, ಆರ್-410ಎ, ಆರ್-32, ಇವು ಒಂದರ ಬದಲು ಇನ್ನೊಂದು ಹಾಕುವಂಥವಲ್ಲ, ಬೆರೆಸುವಂಥವೂ ಅಲ್ಲ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಬೆಂಕಿ ಹಿಡಿದು ಪೈಪಿಗೆ ಬೆಸುಗೆ (ಬ್ರೇಜಿಂಗ್) ಹಾಕುವಾಗ ಪೈಪಿನಲ್ಲಿ ಗ್ಯಾಸ್ ಇರಬಾರದು. ಹೊಸ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಲು ಹೇಳಿ. ಇನ್ವರ್ಟರ್ ಎಸಿಯಲ್ಲಂತೂ ಕಂಪ್ರೆಸರ್ ವೇಗ ಬದಲಾದಂತೆ ಒತ್ತಡವೂ ಬದಲಾಗುತ್ತದೆ, ಬರೀ ಗೇಜ್ ನೋಡಿ ಅಂದಾಜಿನಲ್ಲಿ ಹಾಕಿದರೆ ಕಮ್ಮಿಯೋ ಹೆಚ್ಚೋ ಆಗುತ್ತದೆ. ಹೆಚ್ಚಾದರೂ ತಂಪು ಕಮ್ಮಿಯೇ. ಇನ್ನು ಸೋರಿಹೋದ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಗಾಳಿಗೆ. ಆರ್-410ಎ 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ, ಆರ್-32 ಸುಮಾರು 675 ಪಟ್ಟು. ಲೀಕ್ ಮುಚ್ಚದೆ ವರ್ಷ ವರ್ಷ ತುಂಬಿಸುವುದು ದುಡ್ಡಿನ ನಷ್ಟ ಮಾತ್ರ ಅಲ್ಲ.

ತಂಪಿನ ಕಾಲ ಬಂದು ಎಸಿ ಕೆಲವು ತಿಂಗಳು ಬೇಡ ಅಂದಾಗ, ಒಂದು ಗಂಟೆ ಫ್ಯಾನ್ ಮೋಡ್‌ನಲ್ಲಿ ಒಣಗಿಸಿ, ಫಿಲ್ಟರ್ ತೊಳೆದು, ರಿಮೋಟಿನ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಅವು ಒಳಗೇ ಸೋರುತ್ತವೆ. ಹೊರಗಿನ ಯೂನಿಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಪೂರ್ತಿ ಸುತ್ತಬೇಡಿ, ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಸೆಕೆ ಶುರುವಾಗುವ ಎರಡು ವಾರ ಮುಂಚೆಯೇ ಒಮ್ಮೆ ಓಡಿಸಿ ಥರ್ಮಾಮೀಟರ್ ಹಿಡಿದು ನೋಡಿ. ಏನಾದರೂ ಕೆಟ್ಟಿದ್ದರೆ ಆಗ ಮೆಕ್ಯಾನಿಕ್‌ಗಳಿಗೂ ಪುರುಸೊತ್ತಿರುತ್ತದೆ, ಲೀಕ್ ಹುಡುಕಲು ಸಮಯ ಕೊಡುತ್ತಾರೆ.