ಅವರೆ ಹೇನು, ಮೂರನೇ ವಾರ: ನಾಝಲ್‌ನಲ್ಲಿ ಸಿಕ್ಕ ಮೊಸರು

ಹೇನು ಸತ್ತವು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದಿನ ಎರಡು ವಾರ ಬರೀ ಗೋಳಾಗಿತ್ತು, ಅಲ್ವಾ?

ತಾರಸಿಯಲ್ಲಿ ಆರು ಗ್ರೋ ಬ್ಯಾಗ್ ಅವರೆ. ಸರಿಯಾಗಿ ಹೂ ಬಿಡುವ ಹೊತ್ತಿಗೆ ಕರಿಹೇನು ಹತ್ತಿತು. ಹೂದಂಟಿಗೆಲ್ಲ ಕರಿ ಎಳ್ಳು ಮೆತ್ತಿದ ಹಾಗೆ. ಪೈಪಿನಲ್ಲಿ ನೀರು ಹೊಡೆದದ್ದು, ಕುಡಿ ಚಿವುಟಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸ, ಬಿಡಿ. ತಲೆ ಕೆಡಿಸಿದ್ದು ಸೋಪಿನ ನೀರು.

ಲೀಟರಿಗೆ 5 ಗ್ರಾಂ ತುರಿದ ಬಾರ್ ಸೋಪು. ಹೋದ ವರ್ಷ ತಂಗಿಯ ಮನೆಯಲ್ಲಿ ಇದೇ ಅಳತೆಗೆ ಒಂದೇ ಸಂಜೆಯಲ್ಲಿ ಹೇನು ಮಲಗಿತ್ತು. ಇಲ್ಲಿ ಮೂರು ಸಲ ಹೊಡೆದರೂ ಜಗ್ಗಲಿಲ್ಲ. ಸಿಟ್ಟಿಗೆ 10 ಗ್ರಾಂ ಮಾಡಿದೆ. ಎಲೆಯ ಅಂಚು ಸುಟ್ಟಿತು, ಹೇನು ಸುಖವಾಗಿತ್ತು. ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುವ ಜಾತಿ ಅದು. ಆ ಮರಿ ವಾರದೊಳಗೆ ತಾನೂ ಹೆರಲು ಶುರುಮಾಡುತ್ತದೆ. ಹತ್ತು ಉಳಿದರೂ ಕಥೆ ಮೊದಲಿಂದ.

ನಡುವೆ ಬೇವಿನೆಣ್ಣೆ ತರಿಸಿದೆ. ಬಂದದ್ದು ನಾಲ್ಕು ದಿನ ತಡವಾಗಿ, ಮುಚ್ಚಳ ಸೋರುತ್ತಾ. ನಮ್ಮ ಡಿಸೆಂಬರ್ ಬೆಳಗಿನ ಚಳಿಗೆ ಬಾಟಲಿಯಲ್ಲೇ ತುಪ್ಪದ ಹಾಗೆ ಹೆಪ್ಪುಗಟ್ಟಿ ಕೂತಿತು. ಬಿಸಿನೀರಿನಲ್ಲಿಟ್ಟು ಕರಗಿಸಿದೆ. ಸೋಪಿನ ನೀರಿಗೆ ಹಾಕಿದರೆ ಬೆರೆಯಲೇ ಇಲ್ಲ, ಮೇಲೆ ತೇಲಿತು. ಬೇವಿನೆಣ್ಣೆಯೇ ಕಲಬೆರಕೆ ಅಂದುಕೊಂಡು ಮಾರಿದವನಿಗೆ ಸುಮ್ನೆ ಬೈದೆ. ಕಲಬೆರಕೆಯ ಮಾತು ವಾಪಸ್. ಮುಚ್ಚಳದ ಬೈಗುಳ ಹಾಗೇ ಇರಲಿ.

ಕಳ್ಳ ಸಿಕ್ಕಿದ್ದು ನಾಝಲ್ ಕಟ್ಟಿಕೊಂಡಾಗ. ಸೂಜಿ ಹಾಕಿ ಕೆದಕಿದರೆ ಬಿಳಿ ಮೊಸರಿನಂಥದ್ದು ಬಂತು. ಬೆರಳಲ್ಲಿ ತಿಕ್ಕಿದರೆ ಜಿಡ್ಡು. ಬಚ್ಚಲಿನ ಬಕೆಟ್ಟಿನ ಸುತ್ತ ಕಟ್ಟುತ್ತದಲ್ಲ, ಅದೇ. ಆಗ ಹೊಳೆಯಿತು. ತಂಗಿಯ ಮನೆಯದು ಕಾವೇರಿ ನೀರು, ನಮ್ಮದು ಬೋರ್‌ವೆಲ್!

ಎರಡು ಬಾಟಲಿ ತೊಗೊಂಡೆ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಅಡುಗೆಮನೆಯ ಫಿಲ್ಟರ್ ನೀರು. ಎರಡಕ್ಕೂ ಒಂದೊಂದು ಚಿಟಿಕೆ ಸೋಪು ಹಾಕಿ ಕುಲುಕಿದೆ. ಫಿಲ್ಟರ್ ನೀರಿನಲ್ಲಿ ಮೂರು ಬೆರಳು ನೊರೆ. ಬೋರ್ ನೀರು ಒಡೆದ ಹಾಲಿನ ಹಾಗೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತವೆ. ಹೇನಿನ ಮೈಗೆ ತಾಗಬೇಕಾದ ಸೋಪು ಬಾಟಲಿಯಲ್ಲೇ ಖರ್ಚು. ನಾನು ಇಷ್ಟು ದಿನ ಹೇನಿಗೆ ಸ್ನಾನ ಮಾಡಿಸುತ್ತಿದ್ದೆ, ಅದೂ ಸೋಪಿಲ್ಲದೆ.

ಫಿಲ್ಟರ್ ನೀರು ಹಿಡಿಯಲು ಹೋದರೆ ಅಮ್ಮ ಬಿಡಲಿಲ್ಲ. “ಕುಡಿಯೋ ನೀರನ್ನ ಹುಳಕ್ಕೆ ಹೊಡೀತೀಯೇನೋ? ನಾವು ಸವಳು ಬಾವಿ ನೀರಲ್ಲೇ ರೇಷ್ಮೆ ಸೀರೆ ಒಗೀತಿದ್ವಿ, ಅಂಟುವಾಳ ಹಾಕಿ.”

ಅಲ್ಲಿಗೆ ಮುಗಿಯಿತು. ಅಂಟುವಾಳದ ನೊರೆ ಸೋಪಿನ ಜಾತಿಯದಲ್ಲ, ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಕಾಲು ಕಿಲೋ ಕೊಟ್ಟರು. ಬೀಜ ತೆಗೆದರೆ ಸಿಪ್ಪೆ ಉಳಿದದ್ದು ನೋಡಿ ಅಳು ಬಂತು, ಬೀಜದ ತೂಕಕ್ಕೂ ದುಡ್ಡು ಕೊಟ್ಟಿದ್ದೆ. ಹತ್ತು ಕಾಯಿಯ ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹದಿನೈದು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿದೆ. ಎರಡು ಲೀಟರ್ ಆಗುವಷ್ಟು ಬೋರ್ ನೀರು ಬೆರೆಸಿದೆ. 10 ಎಂಎಲ್ ಬೇವಿನೆಣ್ಣೆ ಹಾಕಿ ಕುಲುಕಿದರೆ ಈ ಸಲ ಮಜ್ಜಿಗೆಯ ಹಾಗೆ ಕೂಡಿಕೊಂಡಿತು. ಮೊದಲು ಒಂದು ಎಲೆಗೆ ಹೊಡೆದು ಒಂದು ದಿನ ಕಾದೆ. ಸುಡಲಿಲ್ಲ. ಬಿಸಿಲು ಇಳಿದ ಮೇಲೆ ಎಲೆಯಡಿ, ಹೂದಂಟಿನ ಸಂದಿ ಎಲ್ಲ ತೋಯಿಸಿದೆ.

ಬೆಳಗ್ಗೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ನೋಡಿದೆ. ಹೇನು ಸುಕ್ಕಾಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಉಫ್ ಅಂದರೆ ಉದುರಿದವು. ಮೂರನೇ ದಿನಕ್ಕೆ ಇನ್ನೊಂದು ಸುತ್ತು.

ಒಂದು ಬಳ್ಳಿಗೆ ಮಾತ್ರ ಹೊಡೆಯಲಿಲ್ಲ. ಅದರಲ್ಲಿ ಹೇನು ತಿನ್ನುವ ಗುಲಗಂಜಿ ಹುಳುವಿನ ಮರಿಗಳಿವೆ, ಮೊಸಳೆ ಮರಿಯನ್ನು ಅಕ್ಕಿಕಾಳಿನಷ್ಟು ಮಾಡಿದ ಹಾಗೆ. ಹೋದ ವರ್ಷ ಇವನ್ನೇ ಶತ್ರು ಅಂತ ಹೊಸಕಿ ಹಾಕಿದ್ದೆ, ಕ್ಷಮೆ ಇರಲಿ. ಇವುಗಳಿಗಾಗಿ ಮುಂದಿನ ಪ್ರಾಜೆಕ್ಟ್ ಕೂಡ ಶುರುವಾಗಿದೆ: ಮೂಲೆಯ ಹಳೇ ಟಬ್ಬಿನಲ್ಲಿ ಸಾಸಿವೆ. ಸಾಸಿವೆಗೆ ಬರುವ ಹೇನಿನ ಜಾತಿಯೇ ಬೇರೆ, ಅವರೆಗೆ ಹಾರುವುದಿಲ್ಲ. ಗುಲಗಂಜಿಗಳಿಗೆ ಒಂದು ಮೆಸ್ ಅಂದುಕೊಳ್ಳಿ. ಒಗ್ಗರಣೆಯ ಸಾಸಿವೆಯನ್ನೇ ಚೆಲ್ಲಿದ್ದೇನೆ, ನಾಲ್ಕು ದಿನಕ್ಕೆ ಮೊಳಕೆ.

ಇನ್ನು ಇರುವೆ. ಹೇನಿನ ಸಿಹಿ ಅಂಟಿಗೋಸ್ಕರ ಕಾವಲು ಕಾಯುವ ಗೌಡರು ಇವರೇ. ಬ್ಯಾಗುಗಳನ್ನು ಇಟ್ಟಿಗೆಯ ಮೇಲಿಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಟ್ಟಿದ್ದೆ. ಆದರೂ ಸಾಲು ನಿಂತಿರಲಿಲ್ಲ. ಇವತ್ತು ಕೂತು ನೋಡಿದೆ: ಬಳ್ಳಿಯ ತುದಿ ಬಟ್ಟೆ ಒಣಹಾಕುವ ತಂತಿ ಹಿಡಿದಿದೆ, ಇವರು ಆ ಫ್ಲೈಓವರ್ ಮೇಲೆ ಆರಾಮಾಗಿ ಓಡಾಡುತ್ತಿದ್ದಾರೆ. ತಂತಿಗೆ ಹರಳೆಣ್ಣೆ ದಪ್ಪಗೆ ಬಳಿದೆ. ಅದೇ ತಂತಿಯಲ್ಲಿ ನನ್ನ ಬಿಳಿ ಪಂಚೆ ಇತ್ತು ಅನ್ನುವುದು ಆಮೇಲೆ ನೆನಪಾಯಿತು. ಅಂಟುವಾಳದ ನೀರು ಅರ್ಧ ಲೀಟರ್ ಉಳಿದಿತ್ತು, ನೆನೆಹಾಕಿದ್ದೇನೆ.