ಮಳೆ ರಜೆ ಮುಗಿದ ಬೆಳಿಗ್ಗೆಯ ಹೊಟ್ಟೆನೋವು

ಜುಲೈ-ಆಗಸ್ಟ್‌ನಲ್ಲಿ ಮೂರ್ನಾಲ್ಕು ದಿನ ಮಳೆ ರಜೆ ಕೊಟ್ಟು ಶಾಲೆ ಮತ್ತೆ ತೆರೆಯುವ ದಿನ, ಕೊಡಗಿನ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಏಳಕ್ಕೆ ಮಗುವಿಗೆ ಹೊಟ್ಟೆನೋವು ಶುರುವಾಗುತ್ತದೆ. ಬಸ್ಸು ಹೋದ ಅರ್ಧ ಗಂಟೆಗೆ ನೋವೂ ಹೋಗುತ್ತದೆ. ‘ಬರೀ ನಾಟಕ’ ಎಂದು ಗದರಬೇಡಿ. ಹೆದರಿದಾಗ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ, ಮಗು ಸುಳ್ಳು ಹೇಳುತ್ತಿಲ್ಲ. ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ಜ್ವರ, ವಾಂತಿ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಪರೀಕ್ಷೆ ಆಗಲೇಬೇಕು. ಇವೇನೂ ಇಲ್ಲದೆ, ಭಾನುವಾರ ಮಾತ್ರ ಬಾರದ ನೋವಾದರೆ ಆತಂಕದ ಕಡೆ ನೋಡಿ.

ಜೊತೆಗೆ ಇನ್ನೊಂದನ್ನು ವಿಚಾರಿಸಿಕೊಳ್ಳಿ: ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಿದ್ದಾರಾ, ಬಸ್ಸಿನಲ್ಲಿ ಕಾಡುತ್ತಿದ್ದಾರಾ? ಹಾಗಿದ್ದರೆ ಮೊದಲು ಅದು ನಿಲ್ಲಬೇಕು. ಅದು ನಿಲ್ಲದೆ ಧೈರ್ಯ ಹೇಳಿ ಕಳಿಸುವುದು ಮಗುವಿಗೆ ಮಾಡುವ ಅನ್ಯಾಯ.

ಅಂಥದ್ದೇನೂ ಇಲ್ಲವೆಂದಾದರೆ, ಮನೆಯಲ್ಲಿ ಉಳಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಉಳಿದ ಕೂಡಲೇ ಸಿಗುವ ನಿರಾಳದಿಂದ ‘ತಪ್ಪಿಸಿಕೊಂಡಿದ್ದಕ್ಕೇ ಬಚಾವಾದೆ’ ಎಂಬ ಪಾಠ ಮನಸ್ಸಿನಲ್ಲಿ ಕೂರುತ್ತದೆ. ಹಾಗಂತ ಅಳುವ ಮಗುವನ್ನು ಎಳೆದುಕೊಂಡು ಹೋಗಿ ಕ್ಲಾಸಿಗೆ ತಳ್ಳಿದರೂ ಕೆಲಸ ಕೆಡುತ್ತದೆ. ಮೆಟ್ಟಿಲು ಮಾಡಿ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಮಗುವೇ ಅಂಕ ಕೊಡಲಿ. ಯೂನಿಫಾರ್ಮ್ ಹಾಕಿ ಬಸ್‌ಸ್ಟಾಪಿನವರೆಗೆ ಹೋಗುವುದು 3, ಗೇಟಿನ ಒಳಗೆ ನಿಲ್ಲುವುದು 5, ಮೊದಲ ಪೀರಿಯಡ್ ಕೂರುವುದು 6, ಮಧ್ಯಾಹ್ನದ ಊಟದವರೆಗೆ ಇರುವುದು 8 ಎಂದು ಬಂತು ಅಂದುಕೊಳ್ಳಿ. 3ರಿಂದ ಶುರು ಮಾಡಿ. ಅಲ್ಲೇ ನಿಂತಿರುವಾಗ ಅಂಕ ಅರ್ಧಕ್ಕಾದರೂ ಇಳಿಯುವವರೆಗೆ ಕಾಯಿರಿ, ಎದೆ ಹೊಡೆದುಕೊಳ್ಳುವಾಗಲೇ ವಾಪಸ್ ಕರೆತರಬೇಡಿ. ಒಂದು ಮೆಟ್ಟಿಲು ಮೂರ್ನಾಲ್ಕು ಸಲ ಸಲೀಸಾದ ಮೇಲೆ ಮುಂದಿನದು.

ಇದು ಹೆಚ್ಚಾಗಿ ಹಾಳಾಗುವುದು ಮನೆಯೊಳಗೇ. ಅಮ್ಮ ಮೆಟ್ಟಿಲು ಹತ್ತಿಸುತ್ತಿದ್ದರೆ ಅಜ್ಜಿ ‘ಪಾಪ, ಇವತ್ತೊಂದು ದಿನ ಇರಲಿ’ ಎಂದು ಟಿವಿ ಹಾಕಿ ಕೊಡುತ್ತಾರೆ. ಅಜ್ಜಿಯನ್ನೂ ಕೂರಿಸಿಕೊಂಡು ಮೊದಲೇ ಮಾತಾಡಿ. ಶಾಲೆಯ ಹೊತ್ತಿನಲ್ಲಿ ಮನೆಯಲ್ಲಿದ್ದರೆ ಮೊಬೈಲ್, ಟಿವಿ ಇಲ್ಲ, ಪುಸ್ತಕ ಮಾತ್ರ. ಬೈಗುಳವೂ ಬೇಡ. ಕ್ಲಾಸ್ ಟೀಚರ್ ಹತ್ತಿರ ಎರಡೇ ಎರಡು ವಿಷಯ ಕೇಳಿಕೊಳ್ಳಿ: ಒಂದೆರಡು ವಾರ ಎಲ್ಲರೆದುರು ತಟ್ಟನೆ ಎಬ್ಬಿಸಿ ಓದಿಸಬಾರದು, ತೀರಾ ಕಷ್ಟವಾದರೆ ಐದು ನಿಮಿಷ ಹೊರಗೆ ನಿಂತು ಬರಲು ಬಿಡಬೇಕು.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡ ಮನೆಗಳಲ್ಲಿ ಹೆಂಚಿನ ಮೇಲಿನ ಸದ್ದು ಜೋರಾದರೆ ದೊಡ್ಡವರೇ ಬೆಚ್ಚುತ್ತಾರೆ, ಅದನ್ನು ನೋಡಿ ಮಕ್ಕಳು ಕಲಿಯುತ್ತಾರೆ. ಮಗು ‘ನಮ್ಮ ಗುಡ್ಡ ಬೀಳ್ತದಾ?’ ಎಂದು ಕೇಳಿದರೆ ‘ಏನೂ ಆಗಲ್ಲ’ ಎಂದು ಹತ್ತು ಸಲ ಹೇಳುವುದು ನಾಟದು. ಹತ್ತನೆಯ ಸಲ ಹೇಳಿದ ಐದು ನಿಮಿಷಕ್ಕೆ ಹನ್ನೊಂದನೆಯ ಸಲ ಕೇಳುತ್ತದೆ. ಒಮ್ಮೆ ಸರಿಯಾಗಿ ಉತ್ತರಿಸಿ: ಜೋರು ಮಳೆಗೆ ಎಲ್ಲಿಗೆ ಹೋಗುತ್ತೇವೆ, ಬ್ಯಾಗಿನಲ್ಲಿ ಏನಿದೆ, ಯಾರಿಗೆ ಫೋನ್. ಮತ್ತೆ ಕೇಳಿದರೆ ಮೆಲ್ಲಗೆ, ‘ಇದಕ್ಕೆ ನಾವು ಮಾತಾಡಿ ಆಗಿದೆ ಮಗಾ, ಈಗ ಕೇಳ್ತಿರೋದು ಭಯ’ ಎನ್ನಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಹತ್ತು ಸಲ, ಜೊತೆಗೆ ಕೂತು. ಇದನ್ನು ಭಯ ಬಂದಾಗ ಕಲಿಸಲಾಗದು, ಸಮಾಧಾನವಿದ್ದ ಸಂಜೆಗಳಲ್ಲೇ ರೂಢಿಯಾಗಬೇಕು.

ತೋಟದ ಮನೆಯಲ್ಲಿ ಮಳೆ ಅಳೆಯುವ ಮಾಪಕ ಇದ್ದೇ ಇರುತ್ತದೆ. ಅದನ್ನು ಆ ಮಗುವಿನ ಕೈಗೆ ಕೊಡಿ. ಬೆಳಿಗ್ಗೆ ಡಬ್ಬಿ ತೆಗೆದು, ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ‘2 ಇಂಚು 40 ಸೆಂಟು’ ಎಂದು ಡೈರಿಯಲ್ಲಿ ಬರೆಯಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ). ದಿನಕ್ಕೆ ಒಂದೇ ಸಲ. ಗಂಟೆಗೊಮ್ಮೆ ಓಡಿ ನೋಡತೊಡಗಿದರೆ ಅದೂ ಭಯದ ಕೆಲಸವೇ ಆಗುತ್ತದೆ. ತನ್ನ ಬಗ್ಗೆ ಕೀಳರಿಮೆ ಇರುವ ಮಗುವಿಗೆ ‘ನೀನು ಜಾಣ’ ಎಂದರೆ ಹತ್ತುವುದಿಲ್ಲ, ನಂಬುವುದೂ ಇಲ್ಲ. ‘ನಿನ್ನೆ ಅಷ್ಟು ಗಾಳಿಯಲ್ಲೂ ಮರೆಯದೆ ಬರೆದಿಟ್ಟೆ’ ಎಂದರೆ ಅಲ್ಲಗಳೆಯಲು ಆಗದು, ಡೈರಿ ಮುಂದೆಯೇ ಇದೆ. ಮದುವೆಮನೆಯಲ್ಲಿ ಯಾರಾದರೂ ‘ನಮ್ಮವಳು ಹಾಕಿ ಟೀಮಿಗೆ ಸೆಲೆಕ್ಟ್ ಆದ್ಲು, ನಿಮ್ಮವಳು?’ ಎಂದರೆ, ಮಗಳ ಎದುರೇ ‘ಇವಳು ಮನೆಯ ಮಳೆ ಲೆಕ್ಕ ಇಡ್ತಾಳೆ’ ಎಂದು ಹೇಳಿ ಮಾತು ಮುಗಿಸಿ.

ಎರಡು ವಾರ ದಾಟಿದರೂ ಊಟ, ನಿದ್ದೆ, ಶಾಲೆ ಸರಿಹೋಗದಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ ಎರಡು ವಾರ ಕಾಯಬೇಡಿ, ಅದೇ ದಿನ ಹೊರಡಿ. ತೋಟದ ಕೀಟನಾಶಕ, ಕಳೆನಾಶಕಗಳನ್ನು ಅದಕ್ಕೂ ಮೊದಲೇ ಬೀಗದೊಳಗೆ ಇಡಿ, ಕೋವಿ ಇದ್ದರೆ ಅದನ್ನೂ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.